ಕನಸು ಅಂತ ಗೊತ್ತಿದ್ದೂ ಓಡುತ್ತಿದ್ದರೆ

"ಇದು ಕನಸು ಅಂತ ಗೊತ್ತಾಯ್ತು, ಆದ್ರೂ ಪರೀಕ್ಷೆಗೆ ಲೇಟಾಗುತ್ತೆ ಅಂತ ಓಡ್ತಾನೇ ಇದ್ದೆ. ಇದು ಲೂಸಿಡ್ ಕನಸಾ?" ಅಂತ ಕೇಳಿದ್ದೀರಿ. ಹೌದು, ಲೂಸಿಡ್ ಕನಸೇ, ಅಂದರೆ ಕನಸು ಕಾಣುತ್ತಿರುವಾಗಲೇ ಇದು ಕನಸು ಅನ್ನುವ ಅರಿವಿರುವ ಕನಸು. ಆದರೆ ಅರಿವು ಅರ್ಧಕ್ಕೇ ನಿಂತಿದೆ. ಕನಸು ಅಂತ ಹೊಳೆಯುವುದು ಒಂದು. "ಹಾಗಾದರೆ ಪರೀಕ್ಷೆಯೇ ಇಲ್ಲ, ನಾನು ಹಾಸಿಗೆಯಲ್ಲಿ ಮಲಗಿದ್ದೇನೆ" ಅನ್ನುವವರೆಗೆ ಯೋಚನೆ ಮುಂದುವರಿಯುವುದು ಇನ್ನೊಂದು. ಎಚ್ಚರದ ಬದುಕಿನ ನೆನಪು ಎಷ್ಟು ಕೈಗೆ ಸಿಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ ಅಂತ ನನಗನಿಸುತ್ತದೆ.

ಈ ನೆನಪು ಗಟ್ಟಿಯಾಗಿದ್ದಾಗ ಆಗುವುದು ನಿಜಕ್ಕೂ ಬೆರಗು ಹುಟ್ಟಿಸುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ಸಂಶೋಧಕ ಕೀತ್ ಹರ್ನ್ ಅವರ ಪ್ರಯೋಗದಲ್ಲಿ ಭಾಗವಹಿಸಿದ್ದ ಅಲನ್ ವರ್ಸ್ಲಿ, ಮಲಗುವ ಮೊದಲು ಮಾತಾಡಿಕೊಂಡಿದ್ದಂತೆಯೇ, ಕನಸಿನೊಳಗಿಂದ ಕಣ್ಣುಗಳನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಕೇತ ಕೊಟ್ಟರು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ನಿದ್ದೆಯಲ್ಲಿದ್ದವರನ್ನು ಕೇಳಿದಾಗ ಕಣ್ಣಿನ ಚಲನೆಯಲ್ಲೇ "ಎರಡು" ಅಂತ ಉತ್ತರ ಬಂತು!

ಕನಸಿನ ಮೇಲಿನ ಹಿಡಿತವನ್ನು ಮಾತ್ರ ಅರಿವಿನ ಜೊತೆ ಬೆರೆಸಬೇಡಿ. ಹಾರಲು, ದೃಶ್ಯ ಬದಲಿಸಲು ಬರದಿದ್ದರೂ ಪೂರ್ತಿ ಅರಿವು ಇರಬಹುದು. 2013ರಲ್ಲಿ ಸಂಶೋಧಕಿ ಉರ್ಸುಲಾ ವೋಸ್ ಮತ್ತು ಸಂಗಡಿಗರು ಲೂಸಿಡ್ ಕನಸುಗಳನ್ನು ಅಳೆಯಲು ರೂಪಿಸಿದ ಮಾಪಕದಲ್ಲೂ ಅರಿವು, ಹಿಡಿತ, ನೆನಪು ಬೇರೆ ಬೇರೆ ಅಂಶಗಳೇ.

ಇವತ್ತು ಮಲಗುವಾಗ ಕನಸಿನಲ್ಲಿ ಮಾಡಬೇಕಾದ ಒಂದು ಸಣ್ಣ ಕೆಲಸ ನಿಶ್ಚಯಿಸಿಕೊಳ್ಳಿ, ಅಂಗೈ ನೋಡಿಕೊಳ್ಳುವುದಾದರೂ ಸರಿ. ಬೆಳಿಗ್ಗೆ ಕನಸಿನ ಕಥೆಗಿಂತ ಮೊದಲು, ಆಗ ನಿಮಗೆ ಏನೇನು ನೆನಪಿತ್ತು ಅನ್ನುವುದನ್ನು ಬರೆದಿಡಿ.