ಫ್ರೀ ಪಾಸ್ ಯಾರಿಗೆ ಬೇಕು ಸ್ವಾಮಿ?

ಗುಬ್ಬಿ ತಾಲ್ಲೂಕಿನ ಕಲಾ ಸಂಘವೊಂದರ ಕಾರ್ಯದರ್ಶಿಗಳು ಬರೆದಿದಾರೆ: ‘ಅಂಗವಿಕಲರಿಗೆ ನಮ್ಮ ನಾಟಕ ಯಾವತ್ತೂ ಫ್ರೀ, ಆದ್ರೂ ಅವರು ಬರಲ್ಲ. ಈಗ ನಿಮ್ಮ ಪತ್ರಿಕೇನೂ ರ‍್ಯಾಂಪು, ಸೈನ್ ಲಾಂಗ್ವೇಜು ಅಂತ ಶುರು ಮಾಡಿದೆ. ಸೀನರಿ ಬಾಡಿಗೆ, ಹಾರ್ಮೋನಿಯಂ ಮೇಷ್ಟ್ರು, ಮೈಕು, ಲೈಟು ಇಷ್ಟಕ್ಕೇ ಪಾತ್ರಧಾರಿಗಳು ಕೈಯಿಂದ ಹಾಕ್ತಿದೀವಿ. ಇದಕ್ಕೆಲ್ಲ ಯಾರು ಕೊಡ್ತಾರೆ?’

ಕಾರ್ಯದರ್ಶಿಗಳೇ, ದುಡ್ಡಿನ ತಾಪತ್ರಯ ಇದೆ, ಒಪ್ಪಿದೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಮೇಲೆ ದುಡ್ಡು ಕಟ್ಟಿ ಕುರುಕ್ಷೇತ್ರ ಆಡೋ ಸೀಮೆ ನಮ್ದು, ನನಗೆ ಗೊತ್ತಿಲ್ವಾ. ಆದ್ರೆ ಅಂಗವಿಕಲರ ಹತ್ರ ಟಿಕೆಟ್ ದುಡ್ಡಿಲ್ಲ ಅಂತ ನಿಮಗೆ ಹೇಳಿದವರ‍್ಯಾರು? ಪಾಸ್ ಕೈಗಿಟ್ಟು ಹತ್ತು ಮೆಟ್ಲು ಹತ್ತಿ ಬನ್ನಿ ಅಂದ್ರೆ ಯಾರು ಬರ್ತಾರೆ?

ನಮ್ಮ ಕಡೆಯ ಒಂದು ರಂಗಮಂದಿರ, ಹೆಸರು ಬೇಡ ಬಿಡಿ. ರ‍್ಯಾಂಪ್ ಇದೆ, ಅದರ ಮೇಲೆ ಜನರೇಟರ್ ನಿಲ್ಸಿದ್ರು. ವೀಲ್‌ಚೇರಲ್ಲಿ ಬಂದ ಹುಡುಗನ್ನ ನಾಲ್ಕು ಜನ ಎತ್ಕೊಂಡು ಒಳಗೆ ಹೋದ್ರು, ಒಬ್ಬ ಅದನ್ನ ಮೊಬೈಲಲ್ಲಿ ಬೇರೆ ತೆಗೀತಿದ್ದ, ಆ ಹುಡುಗ ತಲೆ ತಗ್ಗಿಸಿದೋನು ಎತ್ತಲೇ ಇಲ್ಲ. ಮುಂದಿನ ಸಾಲಿನ ಸೋಫಾಗಳು ಕೊನೇವರೆಗೂ ಖಾಲಿ, ಗಣ್ಯರು ಬರ‍್ಲೇ ಇಲ್ಲ. ಎರಡು ಸೋಫಾ ಪಕ್ಕಕ್ಕಿಟ್ಟಿದ್ರೆ ಜಾಗ ಆಗ್ತಿತ್ತು. ಮನುಷ್ಯನ್ನ ಎತ್ತೋಕೆ ನಾಲ್ಕು ಜನ ಸಿಗ್ತಾರೆ, ಶಾಸಕರ ಸೋಫಾ ಎತ್ತೋಕೆ ಒಬ್ರಿಗೂ ಧೈರ್ಯ ಬರಲ್ಲ.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 29ನೇ ಸೆಕ್ಷನ್ನು ಸಾಂಸ್ಕೃತಿಕ ಬದುಕಲ್ಲಿ ಎಲ್ಲರ ಜೊತೆ ಇವರಿಗೂ ಸಮಪಾಲು ಅನ್ನುತ್ತೆ. ಅಂಗವಿಕಲರು ಸಲೀಸಾಗಿ ಬಂದುಹೋಗೋ ವ್ಯವಸ್ಥೆ ಬಗ್ಗೆ ಬರೀ ಸಲಹೆ ಕೊಟ್ರೆ ಸಾಲದು, ಕಡ್ಡಾಯ ನಿಯಮ ಮಾಡಿ ಅಂತ 2024ರ ನವೆಂಬರಲ್ಲಿ ಸುಪ್ರೀಂ ಕೋರ್ಟೇ ಕೇಂದ್ರಕ್ಕೆ ಹೇಳ್ತು. ಇರ‍್ಲಿ, ಕೋರ್ಟಿನ ಮಾತು ನಾಟಕದೋರಿಗೆ ರುಚಿಸಲ್ಲ.

ನಾಟಕದ ಮಾತೇ ಆಡೋಣ. ನಮ್ಮ ಸೀಮೆಯ ಬಯಲಾಟ ಮೂಡಲಪಾಯದಲ್ಲಿ ವೇಷ ರಂಗಕ್ಕೆ ಬಂದ ಕೂಡ್ಲೆ ತಾವು ಯಾರು, ಯಾವ ಪಟ್ಟಣ, ಬಂದ ಕಾರಣ ಏನು ಅಂತ ವಿಚಾರಿಸ್ತಾರೆ. ಪಾತ್ರ ತನ್ನ ಪ್ರವರ ಎಲ್ಲಾ ಒದರುತ್ತೆ, ಭಾಗವತರು ಕಥೆ ಹಾಡ್ತಾರೆ. ಕಣ್ಣಿಲ್ಲದೋನು ಕೂತಲ್ಲೇ ಇಡೀ ಆಟ ‘ನೋಡ್ಬೋದು’. ಆಟ ನಡಿಯೋದು ಬಯಲಲ್ಲಿ, ಮೆಟ್ಲೇ ಇಲ್ಲ. ಅಮೆರಿಕದ ಅರೇನಾ ಸ್ಟೇಜ್ ಅನ್ನೋ ರಂಗಮಂದಿರದಲ್ಲಿ 1981ರಲ್ಲಿ ಅಂಧ ಪ್ರೇಕ್ಷಕರ ಕಿವಿಗೆ ರಂಗದ ಮೇಲಿನದನ್ನ ವಿವರಿಸೋಕೆ ಶುರು ಮಾಡಿದ್ದನ್ನ ದೊಡ್ಡ ಸುದ್ದಿ ಅಂತ ಓದ್ತೀವಿ. ನಮ್ಮಜ್ಜಂದಿರು ಅದಕ್ಕೇ ಅಂತ ಮಾಡಿರ‍್ಲಿಲ್ಲ, ನಿಜ, ಆದ್ರೂ ಕೆಲಸ ಆಗ್ತಿತ್ತು. ನಾವು ಓದ್ಕೊಂಡೋರು ಬಂದು ಕತ್ತಲು, ಮೌನ, ನೀಲಿ ಲೈಟು ಅಂತ ಮಾಡಿ ಅವರನ್ನ ಹೊರಗಿಟ್ವಿ.

ಇನ್ನೊಂದು ಸಿಟ್ಟು, ಪ್ರೇಕ್ಷಕರಾಗಿ ಬರ‍್ಲಿ ಅಂತೀವಿ, ಬಣ್ಣ ಹಚ್ಚೋಕೆ ಕರೀತೀವಾ? ಗದಗದ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಕಣ್ಣಿರ‍್ಲಿಲ್ಲ, ನಾಟಕ ಬರೆದ್ರು, ನಾಟಕ ಕಂಪನಿನೂ ನಡೆಸಿದ್ರು, 2010ರಲ್ಲಿ ಪದ್ಮಭೂಷಣ ಬಂತು. ಅವರ ಫೋಟೋಗೆ ಹಾರ ಹಾಕ್ತೀವಿ, ನಮ್ಮ ಗ್ರೀನ್ ರೂಮಿನ ಹೊಸ್ತಿಲು ಮಾತ್ರ ಹಂಗೇ ಇರುತ್ತೆ. ಅಕಾಡೆಮಿ, ಇಲಾಖೆ ಇವರನ್ನೆಲ್ಲ ಬೈಯೋಕೆ ಇನ್ನೊಂದು ಸಂಚಿಕೆನೇ ಬೇಕು.

ಖರ್ಚು ಕೇಳಿದ್ರಿ. ರ‍್ಯಾಂಪಿನ ಲೆಕ್ಕ, ಒಂದಡಿ ಎತ್ತರಕ್ಕೆ 12 ಅಡಿ ಉದ್ದ. ನಿಮ್ಮ ನಾಲ್ಕಡಿ ಸ್ಟೇಜಿಗೆ 48 ಅಡಿ ಆಗುತ್ತೆ, ಕಷ್ಟ, ಅದಕ್ಕೇ ಸ್ಟೇಜನ್ನೇ ಎರಡಡಿಗೆ ಇಳಿಸಿ, ಮರವೂ ಉಳಿಯುತ್ತೆ. ಆಟಕ್ಕೆ ಮುಂಚೆ ಕಣ್ಣು ಕಾಣದೋರನ್ನ ಬಣ್ಣದ ಮನೆಗೆ ಕರೆದು ಭೀಮನ ಗದೆ, ಕಿರೀಟ, ಭುಜಕೀರ್ತಿ ಮುಟ್ಟಿ ನೋಡೋಕೆ ಬಿಡಿ, ಅದಕ್ಕೆ ಕಾಸು ಬೇಡ. ಕಿವಿ ಕೇಳದೋರಿಗೆ ಕಥೆ, ಹಾಡು ಅಚ್ಚು ಹಾಕಿಸಿ ಕೊಡಿ, ಜೆರಾಕ್ಸ್ ಆದ್ರೂ ಸಾಕು. ಸೈನ್ ಲಾಂಗ್ವೇಜ್ ಗೊತ್ತಿರೋರನ್ನ ಕರೆಸಿದ್ರೆ ಹಾರ್ಮೋನಿಯಂ ಮೇಷ್ಟ್ರಿಗೆ ಕೊಟ್ಟಂಗೆ ಅವರಿಗೂ ಸಂಭಾವನೆ ಕೊಡಿ, ಸೇವೆ ಅಂತ ಕೈ ತೊಳ್ಕೋಬೇಡಿ.

ಅಂದಂಗೆ ನಿಮ್ಮ ಖರ್ಚಿನ ಪಟ್ಟಿಯಲ್ಲಿ ಶಾಲು, ಹಾರ, ಮೈಸೂರು ಪೇಟದ ಲೆಕ್ಕ ಕಾಣ್ಲಿಲ್ಲ. ಅದನ್ನೂ ಬರೆದು ಕಳಿಸಿ, ಆಮೇಲೆ ಯಾರು ಕೊಡ್ತಾರೆ ಅಂತ ಮಾತಾಡೋಣ.

– ಸಂ.