ಹೊಸ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ಕೊಂಡಿದ್ದೇನೆ. 16 ಜಿಬಿ ರ್‍ಯಾಮ್, 512 ಜಿಬಿ ಎಸ್‌ಎಸ್‌ಡಿ. ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕಬೇಕು. ಉಬುಂಟು, ಮಿಂಟ್, ಫೆಡೋರಾ, ಇವುಗಳಲ್ಲಿ ಯಾವುದು ಸರಿ?
– ದಾವಣಗೆರೆಯ ಓದುಗರು

ಉತ್ತರ: ಹೊಸ ಯಂತ್ರವಾದ್ದರಿಂದ ಡೆಸ್ಕ್‌ಟಾಪ್ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಮೊದಲು ಕರ್ನಲ್, ಅಂದರೆ ಯಂತ್ರಾಂಶವನ್ನು ನಡೆಸುವ ಲಿನಕ್ಸ್‌ನ ತಿರುಳು, ಎಷ್ಟು ಹೊಸದು ಎಂದು ನೋಡಿ. ವೈಫೈ, ಸೌಂಡ್, ಟಚ್‌ಪ್ಯಾಡ್‌ಗಳ ಡ್ರೈವರ್ ಬಹುಪಾಲು ಕರ್ನಲ್‌ನಲ್ಲೇ ಇರುತ್ತವೆ. ಕರ್ನಲ್ ಹಳೆಯದಾದರೆ ಹೊಸ ವೈಫೈ ಚಿಪ್ ಅದಕ್ಕೆ ಗೊತ್ತೇ ಇರುವುದಿಲ್ಲ. ಉಬುಂಟು 24.04ರ ಮೊದಲ ಐಎಸ್‌ಒದಲ್ಲಿ (ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಕಡತ) ಇದ್ದದ್ದು 6.8 ಕರ್ನಲ್, 24.04.3ರಲ್ಲಿ 6.14. ಹೆಸರು ಒಂದೇ ಆದರೂ ಹೊಸ ಲ್ಯಾಪ್‌ಟಾಪ್ ಮೇಲೆ ಎರಡೂ ಬೇರೆಬೇರೆ ರೀತಿ ನಡೆದುಕೊಳ್ಳಬಹುದು. ಆದ್ದರಿಂದ ಗೆಳೆಯರ ಬಳಿಯ ಹಳೆಯ ಪೆನ್‌ಡ್ರೈವ್ ತರಬೇಡಿ, ಇತ್ತೀಚಿನ ಐಎಸ್‌ಒ ನೀವೇ ಇಳಿಸಿಕೊಳ್ಳಿ.

ನಿಮಗೆ ನಮ್ಮ ಸಲಹೆ ಉಬುಂಟು ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ ಆವೃತ್ತಿ): ಐದು ವರ್ಷ ಅಪ್‌ಡೇಟ್ ಬರುತ್ತದೆ. ವಿಂಡೋಸ್‌ನಂತೆ ಕೆಳಗೆ ಪಟ್ಟಿ, ಮೂಲೆಯಲ್ಲಿ ಮೆನು ಬೇಕೆಂದರೆ ಮಿಂಟ್. ಅದೂ ಉಬುಂಟು ಎಲ್‌ಟಿಎಸ್ ಮೇಲೆಯೇ ನಿಂತಿದೆ. ಫೆಡೋರಾದಲ್ಲಿ ಕರ್ನಲ್ ಸದಾ ಹೊಸದು, ಆದರೆ ಪ್ರತಿ ಆವೃತ್ತಿಗೂ ಸುಮಾರು 13 ತಿಂಗಳಷ್ಟೇ ಆಯಸ್ಸು.

ಇನ್‌ಸ್ಟಾಲ್‌ಗೆ ಮುಂಚೆ ಮುಖ್ಯ ದತ್ತಾಂಶವನ್ನು ಹೊರಗಿನ ಡಿಸ್ಕ್‌ಗೆ ನಕಲು ಮಾಡಿ. ಆಮೇಲೆ ವಿಂಡೋಸ್‌ನ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ನಲ್ಲಿರುವುದನ್ನು ಗೂಢಲಿಪಿಯಲ್ಲಿ ಇಡುವ ಸೌಲಭ್ಯ) ನೋಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ಇದು ತಾನಾಗಿ ಆನ್ ಆಗಿರುವುದುಂಟು. ಆನ್ ಇದ್ದರೆ ವಿಂಡೋಸ್‌ನ ಪಾರ್ಟಿಶನ್ (ಡಿಸ್ಕ್‌ನ ಭಾಗ) ಕಿರಿದು ಮಾಡಲು ಉಬುಂಟು ಇನ್‌ಸ್ಟಾಲರ್‌ಗೆ ಆಗುವುದಿಲ್ಲ. ರಿಕವರಿ ಕೀಯನ್ನು (ಗೂಢಲಿಪಿ ಬಿಡಿಸುವ ಸಂಖ್ಯೆ) ಕಾಗದದಲ್ಲಿ ಬರೆದಿಟ್ಟುಕೊಂಡು ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಕ್ರಿಪ್ಶನ್ ಪೂರ್ತಿ ಮುಗಿಯುವವರೆಗೆ ಕಾಯಿರಿ. ಫಾಸ್ಟ್ ಸ್ಟಾರ್ಟಪ್ ಕೂಡ ಆಫ್ ಇರಲಿ. ಇಲ್ಲದಿದ್ದರೆ ವಿಂಡೋಸ್ ಪೂರ್ತಿ ಶಟ್‌ಡೌನ್ ಆಗದೆ ಅದರ ಡ್ರೈವ್ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಡ್ರೈವ್ ಶ್ರಿಂಕ್ ಮಾಡಿ 100 ಜಿಬಿ ಖಾಲಿ ಬಿಡಿ. ಆ ಖಾಲಿ ಜಾಗವನ್ನು ಫಾರ್ಮ್ಯಾಟ್ ಮಾಡಬೇಡಿ. ಐಎಸ್‌ಒವನ್ನು ರೂಫಸ್ ಎಂಬ ತಂತ್ರಾಂಶದಿಂದ 8 ಜಿಬಿಗೂ ದೊಡ್ಡ ಪೆನ್‌ಡ್ರೈವ್‌ಗೆ ಬರೆಯಿರಿ, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ ಮೇಲೆ ಮೊದಲು, ಇನ್‌ಸ್ಟಾಲ್ ಮಾಡದೆಯೇ ನೋಡುವ ‘ಟ್ರೈ’ ಆರಿಸಿ ವೈಫೈ, ಸ್ಪೀಕರ್, ಮೈಕ್, ಕ್ಯಾಮೆರಾ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆರೆದಾಗ ಸರಿಯಾಗಿ ಏಳುತ್ತದೆಯೇ ನೋಡುವುದನ್ನು ಮರೆಯಬೇಡಿ, ಹೊಸ ಯಂತ್ರಗಳು ಹೆಚ್ಚಾಗಿ ಕೈಕೊಡುವುದು ಅಲ್ಲೇ. ಆಮೇಲೆ ವಿಂಡೋಸ್ ಪಕ್ಕದಲ್ಲಿ ಇನ್‌ಸ್ಟಾಲ್ ಮಾಡುವ ಆಯ್ಕೆ. ‘ಇರೇಸ್ ಡಿಸ್ಕ್’ ಒತ್ತಿದರೆ ವಿಂಡೋಸ್ ಇರುವುದಿಲ್ಲ.

ಎನ್ವಿಡಿಯಾ ಕಾರ್ಡ್ ಇದ್ದರೆ ಥರ್ಡ್ ಪಾರ್ಟಿ ಡ್ರೈವರ್ ಆಯ್ಕೆಗೆ ಟಿಕ್ ಹಾಕಿ. ಸೆಕ್ಯೂರ್ ಬೂಟ್ (ಸಹಿ ಇರುವ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ರಕ್ಷಣೆ) ಆನ್ ಇದ್ದು ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಿದರೆ, ಮರುಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಕಾಯುತ್ತದೆ; ತಪ್ಪಿಸಿಕೊಂಡರೆ ಡ್ರೈವರ್ ಲೋಡ್ ಆಗುವುದಿಲ್ಲ.

ಪ್ರಶ್ನೆ: ಇನ್‌ಸ್ಟಾಲರ್‌ಗೆ ನನ್ನ ಎಸ್‌ಎಸ್‌ಡಿ ಕಾಣಿಸುತ್ತಲೇ ಇಲ್ಲ. ಡಿಸ್ಕ್ ಹಾಳಾಗಿದೆಯೇ?
– ಶಿರಸಿಯ ಓದುಗರು

ಉತ್ತರ: ವಿಂಡೋಸ್ ಸರಿಯಾಗಿ ನಡೆಯುತ್ತಿದ್ದರೆ ಡಿಸ್ಕ್ ಚೆನ್ನಾಗಿಯೇ ಇದೆ. ಇಂಟೆಲ್ ಲ್ಯಾಪ್‌ಟಾಪ್ ಆಗಿದ್ದರೆ ಬಯಾಸ್‌ನಲ್ಲಿ (ಯಂತ್ರದ ಮೂಲ ಸೆಟಿಂಗ್‌ಗಳ ಪರದೆ) ಆರ್‌ಎಸ್‌ಟಿ ಅಥವಾ ವಿಎಂಡಿ ಎಂಬ ಇಂಟೆಲ್‌ನ ಡಿಸ್ಕ್ ನಿರ್ವಹಣಾ ಆಯ್ಕೆ ಆನ್ ಆಗಿರುವ ಸಾಧ್ಯತೆ ಇದೆ. ಅದನ್ನು ನೇರವಾಗಿ ಆಫ್ ಮಾಡಿದರೆ ವಿಂಡೋಸ್ ಬೂಟ್ ಆಗದೆ ನಿಲ್ಲಬಹುದು, ಅದಕ್ಕೆ ಹೊಸ ಕಂಟ್ರೋಲರ್‌ನ ಡ್ರೈವರ್ ಆರಂಭದಲ್ಲೇ ಲೋಡ್ ಮಾಡುವ ಸಿದ್ಧತೆ ಇರುವುದಿಲ್ಲ. ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ‘ಸೇಫ್ ಬೂಟ್’ಗೆ ಟಿಕ್ ಹಾಕಿ. ರೀಸ್ಟಾರ್ಟ್ ಆಗುವಾಗಲೇ ಬಯಾಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದ ಮೇಲೆ ಆ ಟಿಕ್ ತೆಗೆಯಿರಿ. ಸೇಫ್ ಮೋಡ್‌ನಲ್ಲಿ ಪಿನ್ ನಡೆಯದಿರಬಹುದು, ಖಾತೆಯ ಪಾಸ್‌ವರ್ಡ್ ನೆನಪಿರಲಿ. ಎನ್‌ಕ್ರಿಪ್ಶನ್ ಇನ್ನೂ ಆನ್ ಇದ್ದರೆ ರಿಕವರಿ ಕೀ ಕೇಳುತ್ತದೆ.

ಪ್ರಶ್ನೆ: ಉಬುಂಟುವಿನಲ್ಲಿ ನುಡಿ ಕೀಲಿಮಣೆಯಂತೆ ಟೈಪ್ ಮಾಡಬಹುದೇ?
– ಹಾಸನದ ಓದುಗರು

ಉತ್ತರ: ಮಾಡಬಹುದು. ‘ಐಬಸ್-ಎಂ17ಎನ್’ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಮತ್ತೆ ಬನ್ನಿ. ಸೆಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ನುಡಿಯದೇ ವಿನ್ಯಾಸವಾದ ಕನ್ನಡದ ಕೆಜಿಪಿ ಸೇರಿಸಿದರೆ, ಸೂಪರ್ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. ನುಡಿಯ ಹಳೆಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟ್‌ನ ಕಡತಗಳು ಮಾತ್ರ ಇಂಗ್ಲಿಷ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ವಿಂಡೋಸ್ ಇರುವಾಗಲೇ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.