ಅಡಿಲೇಡಿನ ಬೇಸಿಗೆ ಊಟಕ್ಕೆ ಯಾವ ವೈನ್? ಹೊಸದಾಗಿ ಬಂದ ತಂಗಿಗೆ ಉತ್ತರ

ಶಿವಮೊಗ್ಗದಿಂದ ಆಸ್ಟ್ರೇಲಿಯಾದ ಅಡಿಲೇಡಿಗೆ ಬಂದು ನಾಲ್ಕು ತಿಂಗಳಾಯಿತೆಂದೂ, ಕ್ರಿಸ್‌ಮಸ್ಸಿನ ಹಿಂದಿನ ಶನಿವಾರ ಯಜಮಾನರ ಕಚೇರಿಯ ಹಿರಿಯರೊಬ್ಬರು ಮಧ್ಯಾಹ್ನದ ಊಟಕ್ಕೆ ಕರೆದಿದ್ದಾರೆಂದೂ, ಜನವರಿಯಲ್ಲಿ ನೀವೇ ಎಂಟು ಮಂದಿಯನ್ನು ಮನೆಗೆ ಕರೆಯಬೇಕೆಂದಿದ್ದೀರೆಂದೂ ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಯಾರಿಗೂ ಮದ್ಯದ ರೂಢಿಯಿಲ್ಲ. ಆದ್ದರಿಂದ ಯಾವ ವೈನ್ ಒಯ್ಯಬೇಕು, ಮನೆಗೆ ಬಂದವರಿಗೆ ಹೇಗೆ ಕೊಡಬೇಕು, ನಮ್ಮ ಅಡುಗೆಗೆ ಯಾವುದು ಹೊಂದುತ್ತದೆ ಎಂಬುದು ನಿಮ್ಮ ಪ್ರಶ್ನೆ. ಅಕ್ಕ ಎಂದು ಕರೆದು ಕೇಳಿದ್ದೀರಿ. ಇಲ್ಲಿ 19 ಬೇಸಿಗೆಗಳನ್ನು ಕಳೆದವಳಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ. ಈ ಊರಿನ ಬೇಸಿಗೆಯಲ್ಲಿ ಬಾಟಲಿಯ ಹೆಸರಿಗಿಂತಲೂ ಬೆಲೆಗಿಂತಲೂ ಅದರ ತಂಪು ದೊಡ್ಡದು ಎಂಬುದನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ.

ಅದನ್ನು ನಾನು ಕಲಿತದ್ದು ಪೆಚ್ಚಾಗಿ. ನಾವು ಬಂದ ವರ್ಷದ ಜನವರಿಯಲ್ಲಿ, ಬರೋಸಾ ಕಣಿವೆಯ ಶಿರಾಜ್ ಎಂಬ ಕೆಂಪು ವೈನ್ ಎಂದರೆ ಕೊಟ್ಟವರಿಗೂ ಕುಡಿದವರಿಗೂ ಗೌರವ ಎಂದು ಯಾರೋ ಹೇಳಿದ್ದನ್ನು ನಂಬಿ, ಆಗಿನ ನಮ್ಮ ಸಂಬಳಕ್ಕೆ ಭಾರವೇ ಆಗಿದ್ದ ಒಂದು ಬಾಟಲಿಯನ್ನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಿದ್ದೆ. ಹೊರಗೆ 40 ಡಿಗ್ರಿ ಬಿಸಿಲು, ಒಳಗೆ ಒಲೆಯ ಮೇಲೆ ಬಿಸಿಬೇಳೆಬಾತ್. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕೊಡಬೇಕೆಂದು ಓದಿದ್ದೆನೇ ಹೊರತು, ಆ ಮಾತಿನಲ್ಲಿರುವ ಕೋಣೆ ಯುರೋಪಿನ ಚಳಿಯ ಕೋಣೆಯೆಂದು, 16ರಿಂದ 18 ಡಿಗ್ರಿಯದೆಂದು, ನನಗೆ ಹೊಳೆದಿರಲಿಲ್ಲ. ಬಂದವರು ಒಂದು ಗುಟುಕು ಕುಡಿದು, ಚೆನ್ನಾಗಿದೆಯೆಂದು ನಕ್ಕು, ಉಳಿದದ್ದನ್ನು ಹಾಗೆಯೇ ಬಿಟ್ಟರು. ಆಮೇಲೆ ನಮ್ಮವರು ರುಚಿ ನೋಡಿ, ಜ್ವರಕ್ಕೆ ಕೊಡುವ ಕಷಾಯದಂತಿದೆ ಎಂದರು. ವೈನಿನಲ್ಲಿ ಯಾವ ದೋಷವೂ ಇರಲಿಲ್ಲ. ಬೆಚ್ಚಗಾದಷ್ಟೂ ಅದರ ಆಲ್ಕೋಹಾಲು ಮೂಗಿಗೆ ಹೊಡೆಯುತ್ತದೆ, ಮೆಣಸಿನ ಖಾರ ಅದೇ ಉರಿಯನ್ನು ಇಮ್ಮಡಿಸುತ್ತದೆ, ದ್ರಾಕ್ಷಿಯ ಸಿಪ್ಪೆಯಿಂದ ಬಂದ ಒಗರು ನಾಲಿಗೆಯನ್ನು ಒಣಗಿಸುತ್ತದೆ. ಮೂರೂ ಒಟ್ಟಿಗೆ ಸೇರಿದರೆ ಯಾವ ಶ್ರೇಷ್ಠ ಬಾಟಲಿಯೂ ಉಳಿಯಲಾರದು. 2019ರ ಜನವರಿ 24ರಂದು ಇದೇ ಊರಿನಲ್ಲಿ 46.6 ಡಿಗ್ರಿ ದಾಖಲಾಯಿತು. ಅಂಥ ಊರಿನಲ್ಲಿ ಚಳಿದೇಶದ ನಿಯಮವನ್ನು ಕಣ್ಣುಮುಚ್ಚಿ ಪಾಲಿಸುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಏನು ಕೊಳ್ಳಬೇಕು? ನಮ್ಮ ಊಟಕ್ಕೆ ನಾನು ಕಣ್ಣುಮುಚ್ಚಿ ಹೇಳುವುದು ಕ್ಲೇರ್ ಕಣಿವೆಯ ಅಥವಾ ಈಡನ್ ಕಣಿವೆಯ ರೀಸ್ಲಿಂಗ್. ಕ್ಲೇರ್ ನಮ್ಮ ಊರಿನಿಂದ ಉತ್ತರಕ್ಕೆ ಎರಡು ಗಂಟೆಯ ದಾರಿ. ಅಲ್ಲಿಯ ಸೆವೆನ್‌ಹಿಲ್‌ನಲ್ಲಿ ಜೆಸ್ಯೂಟ್ ಪಾದ್ರಿಗಳು ಪೂಜೆಯ ವೈನಿಗಾಗಿ 1851ರಲ್ಲಿ ನೆಟ್ಟ ದ್ರಾಕ್ಷಿತೋಟ ಇಂದಿಗೂ ನಡೆಯುತ್ತಿದೆ, ಬಿಡುವಾದಾಗ ಹೋಗಿ ನೋಡಿ. ಈ ಬಿಳಿ ವೈನಿನಲ್ಲಿ ಆಲ್ಕೋಹಾಲು ಸಾಮಾನ್ಯವಾಗಿ ಶೇಕಡಾ 12ರ ಆಸುಪಾಸು, ಒಗರು ಇಲ್ಲವೆನ್ನುವಷ್ಟು ಕಡಿಮೆ, ಪರಿಮಳವೋ ಆಗ ತಾನೆ ಹಿಂಡಿದ ನಿಂಬೆಯದು. ನಿಂಬೆ ಹಿಂಡಿದ ಕೋಸಂಬರಿ, ಚಿತ್ರಾನ್ನ, ಕಾಯಿಹಾಲಿನ ಸಾಗು, ಮಾಂಸಾಹಾರಿಗಳಾದರೆ ಮೀನು ಫ್ರೈ, ಕೋರಿ ಗಸಿ, ಇವುಗಳ ಪಕ್ಕದಲ್ಲಿ ಅದು ತಾನೂ ಅದೇ ಮನೆಯದೆಂಬಂತೆ ಕುಳಿತುಬಿಡುತ್ತದೆ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆಯಾದರೆ ಅದು ನೀರಿನಂತೆ ಸಪ್ಪೆಯಾಗುತ್ತದೆ. ರೀಸ್ಲಿಂಗಿಗೆ ಆ ಭಯವಿಲ್ಲ. ಖಾರ ಹೆಚ್ಚಿದ್ದರೆ ತುಸು ಸಿಹಿ ಉಳಿಸಿದ ಬಗೆಯನ್ನು ಕೊಳ್ಳಿ. ಕೆಲವು ಬಾಟಲಿಗಳ ಹಿಂದಿನ ಚೀಟಿಯಲ್ಲಿ ಡ್ರೈಯಿಂದ ಸ್ವೀಟ್‌ವರೆಗೆ ಒಂದು ಗೆರೆ ಎಳೆದು ಈ ವೈನ್ ಎಲ್ಲಿದೆಯೆಂದು ಗುರುತು ಹಾಕಿರುತ್ತಾರೆ. ಡ್ರೈ ಎಂದರೆ ಹಣ್ಣಿನ ಸಕ್ಕರೆಯೆಲ್ಲ ಹುದುಗಿ ಹೋಗಿದೆಯೆಂದಷ್ಟೇ ಅರ್ಥ. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಮಾಡಿದ ಸಿಹಿ ವೈನನ್ನು ಕ್ರಿಸ್‌ಮಸ್ಸಿನಲ್ಲಿ ಗೆಳತಿಯ ಮನೆಯಲ್ಲಿ ಒಮ್ಮೆ ಬಾಯಿಗಿಟ್ಟಿದ್ದೇನೆ ಎಂದು ಬರೆದಿದ್ದೀರಲ್ಲ, ಆ ರುಚಿಯನ್ನು ಇಲ್ಲಿ ನಿರೀಕ್ಷಿಸಬೇಡಿ.

ಬಾಟಲಿಗೆ ಬಿರಡೆಯಿಲ್ಲದೆ ಸೋಡಾ ಬಾಟಲಿಯಂತೆ ತಿರುಗಿಸುವ ಮುಚ್ಚಳವಿದ್ದರೆ ಅಗ್ಗದ್ದೆಂದು ಸಂಕೋಚಪಡಬೇಡಿ. ಬಿರಡೆಯಲ್ಲಿ ಕೆಲವೊಮ್ಮೆ ಹುಟ್ಟುವ ಒಂದು ರಾಸಾಯನಿಕದಿಂದ ವೈನಿಗೆ ಒದ್ದೆ ರಟ್ಟಿನ ವಾಸನೆ ಹಿಡಿಯುತ್ತದೆಂಬ ಕಾರಣಕ್ಕೆ ಕ್ಲೇರ್ ಕಣಿವೆಯ ಹಲವು ತಯಾರಕರು 2000ದ ಕೊಯ್ಲಿನ ರೀಸ್ಲಿಂಗಿಗೆ ಒಟ್ಟಾಗಿ ತಿರುಪು ಮುಚ್ಚಳ ಹಾಕಿದರು. ಅಲ್ಲಿಂದಾಚೆಗೆ ಈ ದೇಶದಲ್ಲಿ ಅದೇ ವಾಡಿಕೆ. ಬಿರಡೆ ಕೀಳುವ ಉಪಕರಣವಿಲ್ಲದ ನಿಮ್ಮ ಮನೆಗೆ ಅದು ಅನುಕೂಲವೂ ಹೌದು.

ಕ್ರಿಸ್‌ಮಸ್ಸಿನ ಊಟಕ್ಕೆ ಒಯ್ಯುವುದಾದರೆ ಒಂದು ಬಾಟಲಿ ಸ್ಪಾರ್ಕ್ಲಿಂಗ್, ಎಂದರೆ ಗುಳ್ಳೆಯೇಳುವ ನೊರೆವೈನ್, ಸಾಕು. ವಿಕ್ಟೋರಿಯಾದ ಕಿಂಗ್ ಕಣಿವೆಯ ಪ್ರೊಸೆಕ್ಕೊ ಆಗಲಿ, ಟಾಸ್ಮೇನಿಯಾದ ನೊರೆವೈನಾಗಲಿ ಯಾರೂ ಬೇಡವೆನ್ನರು. ಇಲ್ಲಿಯವರು ಹಬ್ಬದ ದಿನ ನೊರೆಯುಕ್ಕುವ ಕೆಂಪು ಶಿರಾಜನ್ನೂ ತಣ್ಣಗೆ ಮಾಡಿ ಕುಡಿಯುತ್ತಾರೆ, ನೋಡಿ ಬೆರಗಾಗಬೇಡಿ. ಬಾಟಲ್‌ಶಾಪಿಗೆ, ಎಂದರೆ ಇಲ್ಲಿಯ ಮದ್ಯದಂಗಡಿಗೆ, ಹೋದಾಗ ಊಟ ಎಂಥದು, ಎಷ್ಟು ಡಾಲರು ಖರ್ಚು ಮಾಡಬಹುದು ಎಂದು ಅಲ್ಲಿಯ ಕೆಲಸದವರಿಗೆ ನೇರವಾಗಿ ಹೇಳಿ. 20ರಿಂದ 25 ಡಾಲರಿನೊಳಗೆ ಒಳ್ಳೆಯದು ಸಿಗುತ್ತದೆ, ಅದಕ್ಕಿಂತ ಹೆಚ್ಚು ಕೊಡುವ ಅಗತ್ಯವಿಲ್ಲ. ಒಯ್ದ ಬಾಟಲಿಯನ್ನು ಮನೆಯವರು ಅಂದೇ ತೆರೆಯದೆ ಒಳಗಿಟ್ಟರೆ ಅದು ಅನಾದರವಲ್ಲ, ಅದನ್ನು ಅವರು ಉಡುಗೊರೆಯೆಂದು ತೆಗೆದುಕೊಂಡಿದ್ದಾರೆ. ನಿಮಗೆ ಬೇಡವಾದರೆ ಬೇಡವೆಂದು ಒಮ್ಮೆ ಹೇಳಿ ನೀರು ಕೇಳಿ. ಬೀಗರ ಊಟದಲ್ಲಿ ಇನ್ನೊಂದು ಹೋಳಿಗೆಗೆ ಮಾಡುವ ಒತ್ತಾಯವನ್ನು ಇಲ್ಲಿ ಯಾರೂ ಮಾಡುವುದಿಲ್ಲ.

ನಿಮ್ಮ ಮನೆಯ ಔತಣದಲ್ಲಿ ಬಜ್ಜಿ, ಅಂಬೊಡೆಯಂಥ ಕರಿದ ತಿಂಡಿಗಳೊಡನೆ ನೊರೆವೈನನ್ನು ಕೊಡಿ. ಅದರ ಹುಳಿಯೂ ಗುಳ್ಳೆಯೂ ಬಾಯಿಯ ಎಣ್ಣೆಜಿಡ್ಡನ್ನು ತೊಳೆಯುತ್ತವೆ. ಊಟಕ್ಕೆ ರೀಸ್ಲಿಂಗ್. ಕೆಂಪೇ ಬೇಕೆನ್ನುವ ಒಬ್ಬರು ಇದ್ದೇ ಇರುತ್ತಾರೆ, ಅವರಿಗಾಗಿ ಮೆಕ್ಲಾರೆನ್ ವೇಲ್‌ನ ಹಗುರವಾದ ಗ್ರೆನಾಶ್ ಒಂದು ಬಾಟಲಿ ತಂದು, ಬಡಿಸುವ ಅರ್ಧ ಗಂಟೆ ಮೊದಲು ಫ್ರಿಜ್ಜಿನಲ್ಲಿಡಿ. ಸಾರಿಗೂ ಮೊಸರನ್ನಕ್ಕೂ ವೈನ್ ಹುಡುಕುವ ಶ್ರಮ ಬೇಡ, ಅವುಗಳ ಜೊತೆಗೆ ನೀರೇ ಚೆಂದ. ಹೋಳಿಗೆಗೆ ಮಾತ್ರ, ಅದಕ್ಕಿಂತ ಸಿಹಿಯಾದ ವೈನ್ ಬೇಕು, ಇಲ್ಲವಾದರೆ ವೈನ್ ಹುಳಿಯೆನಿಸುತ್ತದೆ. ರದರ್‌ಗ್ಲೆನ್‌ನ ಮಸ್ಕಟ್, ಒಣದ್ರಾಕ್ಷಿಯ ಪಾಕದಂತಿರುವ ಕಂದು ವೈನ್, ಸಣ್ಣ ಲೋಟದಲ್ಲಿ ಎರಡು ಗುಟುಕು ಕೊಟ್ಟು ನೋಡಿ.

ಬಿಳಿ ವೈನಿಗೆ 8ರಿಂದ 10 ಡಿಗ್ರಿ, ನೊರೆವೈನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಹಗುರವಾದ ಕೆಂಪಿಗೆ 14ರ ಸುಮಾರು. ಫ್ರಿಜ್ಜಿನಿಂದ ನೇರವಾಗಿ ತೆಗೆದ ರೀಸ್ಲಿಂಗಿನ ಪರಿಮಳ ಮುದುಡಿಕೊಂಡಿರುತ್ತದೆ. ಆದರೆ ಜನವರಿಯ ಹಿತ್ತಿಲಿನಲ್ಲಿ ಲೋಟಕ್ಕೆ ಬಗ್ಗಿಸಿದ ಐದೇ ನಿಮಿಷಕ್ಕೆ ಅದು ಬೆಚ್ಚಗಾಗುವುದರಿಂದ ಹೆಚ್ಚು ತಣ್ಣಗಿದ್ದರೂ ನಷ್ಟವಿಲ್ಲ. ಫ್ರಿಜ್ಜಿನ ತುಂಬ ಪಾಯಸದ ಪಾತ್ರೆಗಳೇ ಇದ್ದರೆ ಎಸ್ಕಿಯಲ್ಲಿ, ಎಂದರೆ ಇಲ್ಲಿಯವರ ಐಸ್ ಪೆಟ್ಟಿಗೆಯಲ್ಲಿ, ಮಂಜುಗಡ್ಡೆಯ ಜೊತೆಗೆ ನೀರನ್ನೂ ಒಂದು ಹಿಡಿ ಉಪ್ಪನ್ನೂ ಹಾಕಿ ಬಾಟಲಿಗಳನ್ನು ಮುಳುಗಿಸಿಡಿ. ಬರಿಯ ಮಂಜುಗಡ್ಡೆ ಬಾಟಲಿಯನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ, ನೀರು ಸುತ್ತಲೂ ಅಪ್ಪಿಕೊಳ್ಳುತ್ತದೆ, ಉಪ್ಪು ಆ ನೀರನ್ನು ಸೊನ್ನೆಗಿಂತಲೂ ಕೆಳಗಿಳಿಸುತ್ತದೆ. ಇಪ್ಪತ್ತು ನಿಮಿಷ ಸಾಕು. ಲೋಟವನ್ನು ಮೂರನೆಯ ಒಂದು ಪಾಲಿಗಿಂತ ಹೆಚ್ಚು ತುಂಬಬೇಡಿ. ತುಂಬಿ ತುಳುಕುವಂತೆ ಬಡಿಸುವುದೇ ನಮ್ಮಲ್ಲಿ ಆದರ, ಇಲ್ಲಿ ಅದು ಬಿಸಿಯಾದ ವೈನಿಗೆ ದಾರಿ.

ಒಂದು ಬಾಟಲಿಯಲ್ಲಿ 750 ಮಿಲಿಲೀಟರ್, ಎಂದರೆ 150ರ ಲೆಕ್ಕದಲ್ಲಿ ಐದು ಲೋಟ. ಎಂಟು ಮಂದಿಯಲ್ಲಿ ಐವರು ಕುಡಿಯುವವರೆಂದು ಇಟ್ಟುಕೊಂಡರೆ ಮೂರು ಬಾಟಲಿ ಧಾರಾಳವಾಯಿತು. ಹಿಂದಿನ ಚೀಟಿಯಲ್ಲಿ ಅದರಲ್ಲಿ ಎಷ್ಟು ಸ್ಟ್ಯಾಂಡರ್ಡ್ ಡ್ರಿಂಕ್ ಇದೆಯೆಂದು ಬರೆದಿರುತ್ತದೆ; ಒಂದಕ್ಕೆ 10 ಗ್ರಾಂ ಆಲ್ಕೋಹಾಲು. ಶೇಕಡಾ 12ರ ರೀಸ್ಲಿಂಗಿನಲ್ಲಿ ಸುಮಾರು 7, ಶೇಕಡಾ 14.5ರ ಶಿರಾಜಿನಲ್ಲಿ ಸುಮಾರು 8.6. ಪೂರ್ಣ ಪರವಾನಗಿಯಿದ್ದವರಿಗೆ ವಾಹನ ಓಡಿಸುವಾಗ ರಕ್ತದಲ್ಲಿನ ಆಲ್ಕೋಹಾಲಿನ ಪ್ರಮಾಣ ಶೇಕಡಾ 0.05ಕ್ಕಿಂತ ಕೆಳಗಿರಬೇಕು, ಎಲ್ ಮತ್ತು ಪಿ ಫಲಕದವರಿಗೆ, ಎಂದರೆ ಕಲಿಯುತ್ತಿರುವವರಿಗೆ ಮತ್ತು ತಾತ್ಕಾಲಿಕ ಪರವಾನಗಿಯವರಿಗೆ, ಸೊನ್ನೆ. ನಿಮ್ಮ ಅತಿಥಿಗಳು ಎದ್ದು ಹೊರಡುವಾಗ ಇನ್ನೊಂದು ಲೋಟ ಎಂದು ಉಪಚಾರ ಮಾಡಬೇಡಿ.

ಸಸ್ಯಾಹಾರಿಗಳಾದ ನಿಮಗೆ ಇನ್ನೊಂದು ವಿಷಯ ತಿಳಿದಿರಬೇಕು. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಅಂಶ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಅಂಟನ್ನು ಬಳಸುವುದುಂಟು. ಹಾಲು ಮತ್ತು ಮೊಟ್ಟೆಯನ್ನು ಚೀಟಿಯಲ್ಲಿ ಹೇಳಲೇಬೇಕಾದರೂ ಮೀನಿನ ಅಂಟಿಗೆ ಆ ನಿಯಮದಿಂದ ವಿನಾಯಿತಿಯಿದೆ. ಹೀಗಾಗಿ ಮಡಿಯ ಮನೆಯ ಅತಿಥಿಗಳಿದ್ದರೆ ವೀಗನ್ ಎಂದು ಬರೆದ ಬಾಟಲಿಯನ್ನೇ ಕೊಳ್ಳಿ. ಕುಡಿಯದವರಿಗೆ ಬೆಲ್ಲದ ಪಾನಕವನ್ನೋ ಮಸಾಲೆ ಮಜ್ಜಿಗೆಯನ್ನೋ ಅದೇ ಕಾಲುಳ್ಳ ಗಾಜಿನ ಲೋಟಗಳಲ್ಲಿ ಕೊಡಿ. ನಮ್ಮ ಮನೆಯಲ್ಲಿ ವೈನಿಗಿಂತ ಮೊದಲು ಖಾಲಿಯಾಗುವುದು ಏಲಕ್ಕಿ ಹಾಕಿದ ಪಾನಕವೇ, ಅದನ್ನು ಕೇಳಿ ಕುಡಿಯುವವರಲ್ಲಿ ಹೆಚ್ಚಿನವರು ಇಲ್ಲಿಯವರೇ.

ಕೊನೆಗೆ ಶನಿವಾರದ ವಿಷಯ. ಬಾಟಲಿಯನ್ನು ಬೆಳಿಗ್ಗೆಯೇ ಕೊಂಡು ಕಾರಿನ ಡಿಕ್ಕಿಯಲ್ಲಿ ಬಿಟ್ಟು ಅಂಗಡಿ ಸುತ್ತಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲಿ ವೈನ್ ಬೇಗ ಕೆಡುತ್ತದೆ. ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಟ್ಟು, ಹೊರಡುವಾಗ ಒದ್ದೆ ಟವೆಲಿನಲ್ಲಿ ಸುತ್ತಿ ಕಾಲಬುಡದಲ್ಲಿ ಇಟ್ಟುಕೊಳ್ಳಿ. ಜನವರಿಯ ಬಾಟಲಿಗಳನ್ನು ಈಗಲೇ ತಂದರೆ ಒಲೆಯ ಹತ್ತಿರವೂ ಕಿಟಕಿಯ ಹತ್ತಿರವೂ ಬೇಡ. ನಮ್ಮ ಮನೆಯಲ್ಲಿ ಅವು ಮಲಗುವ ಕೋಣೆಯ ಬೀರುವಿನ ತಳದಲ್ಲಿ, ಹಳೆಯ ಉಣ್ಣೆಯ ಕಂಬಳಿಗಳ ನಡುವೆ ಬೇಸಿಗೆ ಕಳೆಯುತ್ತವೆ.